ಬಿಟ್ಟಂಗಾಲದ ತಲೆಲೆಕ್ಕ

2001ರಿಂದ 2011ರವರೆಗಿನ ಹತ್ತು ವರ್ಷಗಳಲ್ಲಿ ಇಡೀ ಕೊಡಗು ಜಿಲ್ಲೆಗೆ ಹೊಸದಾಗಿ ಸೇರಿದವರು 5,958 ಮಂದಿ. 5,48,561 ಇದ್ದ ಜನಸಂಖ್ಯೆ 5,54,519 ಆಯಿತು. ಶೇಕಡಾ ಒಂದಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಬೆಂಗಳೂರಿನ ಹೊರವಲಯದ ಒಂದೆರಡು ಅಪಾರ್ಟ್‌ಮೆಂಟುಗಳು ತುಂಬಿದರೆ ಇಷ್ಟು ಜನ ಆಗಿಬಿಡುತ್ತಾರೆ.

ಈ ಅಂಕಿಯನ್ನು ತಲೆಯಲ್ಲಿಟ್ಟುಕೊಂಡು ಡಿಸೆಂಬರಿನ ಒಂದು ಶನಿವಾರ ಮೈಸೂರಿನಿಂದ ವಿರಾಜಪೇಟೆ ಬಸ್ಸು ಹತ್ತಿ ನೋಡಿ. ಹುಣಸೂರು ದಾಟುವಷ್ಟರಲ್ಲಿ ಅಂಕಿಗೂ ಕಣ್ಣಿಗೂ ಜಗಳ ಶುರುವಾಗುತ್ತದೆ. ಬಸ್ಸಿನ ಹಿಂದೆಯೂ ಮುಂದೆಯೂ ಕಾರುಗಳು, ತಲೆ ಮೇಲೆ ಸೂಟ್‌ಕೇಸ್ ಕಟ್ಟಿಕೊಂಡ ಟೆಂಪೋ ಟ್ರಾವೆಲರ್‌ಗಳು. ಆನೆಚೌಕೂರಿನಿಂದಾಚೆ ಕಾಡು. ಮತ್ತಿಗೋಡು ಆನೆ ಶಿಬಿರದ ಎದುರು ಕಾರು ನಿಲ್ಲಿಸಿ ಫೋಟೋ ತೆಗೆಯುವವರ ಗುಂಪು. 2020ರಿಂದ ದಸರಾ ಅಂಬಾರಿ ಹೊರುತ್ತಿರುವ ಅಭಿಮನ್ಯು ಈ ಶಿಬಿರದವನು. ಹೀಗಾಗಿ ಅವನ ನೆಂಟರ ದರ್ಶನಕ್ಕೂ ನೂಕುನುಗ್ಗಲು. ತಿತಿಮತಿ ಕಳೆದು ಗೋಣಿಕೊಪ್ಪದ ಪೇಟೆಯೊಳಗೆ ಬಸ್ಸು ಸಿಕ್ಕಿಕೊಂಡಾಗ ಕಂಡಕ್ಟರ್ ಕೆಳಗಿಳಿದು ಹೋಗಿ ಕಾಫಿ ಕುಡಿದು ಬಂದರು. ಬಸ್ಸು ಇನ್ನೂ ಅಲ್ಲೇ ಇತ್ತು.

ಗೋಣಿಕೊಪ್ಪದಿಂದ ಮುಂದೆ ಕೈಕೇರಿ, ಹಾತೂರು, ಆಮೇಲೆ ಬಿಟ್ಟಂಗಾಲ. ಇಳಿದವರು ನಾವು ಮೂರೇ ಜನ. ಊರು ಎಲ್ಲಿದೆ ಎಂದು ಹುಡುಕಬೇಕು. ಬಯಲುಸೀಮೆಯಿಂದ ಬಂದ ನನ್ನಂಥವರಿಗೆ ಊರೆಂದರೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ನಡುವೆ ಒಂದು ಅರಳಿಕಟ್ಟೆ. ಇಲ್ಲಿ ರಸ್ತೆಬದಿಯ ನಾಲ್ಕಾರು ಅಂಗಡಿ, ಬಸ್ ತಂಗುದಾಣ ಕಳೆದರೆ ಮುಗಿಯಿತು. ಮನೆಗಳೆಲ್ಲ ತೋಟದೊಳಗೆ. ಒಂದು ಗೇಟು, ಗೇಟಿನಾಚೆ ಕಾಫಿಗಿಡಗಳ ನಡುವೆ ಮಣ್ಣಿನ ದಾರಿ, ಆ ದಾರಿ ಎಲ್ಲೋ ತಿರುಗಿದ ಮೇಲೆ ಒಂದು ಹೆಂಚಿನ ಸೂರು. ಇನ್ನೊಂದು ಮನೆ ಬೇಕಿದ್ದರೆ ಮತ್ತೆ ರಸ್ತೆಗೆ ಬಂದು ಇನ್ನೊಂದು ಗೇಟು ಹುಡುಕಬೇಕು. ಗೇಟುಗಳ ಪಕ್ಕದಲ್ಲಿ ಮನೆತನದ ಹೆಸರು ಬರೆದ ಹಳೆಯ ಕಲ್ಲು ಒಂದಾದರೆ, ಹೋಂಸ್ಟೇ ಬೋರ್ಡುಗಳು ಮೂರು. ಇದೇ ಊರಿನಲ್ಲಿ ಗಾಲ್ಫ್ ಮೈದಾನವೂ ಇದೆ.

ನನ್ನನ್ನು ಕರೆದುಕೊಂಡು ಹೋಗಲು ಬಂದವರು ನಿವೃತ್ತ ಪಂಚಾಯಿತಿ ಕಾರ್ಯದರ್ಶಿ. ಹೆಸರು ಹಾಕಬೇಡಿ ಎಂದದ್ದರಿಂದ ಹಾಕುವುದಿಲ್ಲ. ಸುತ್ತಿನವರೆಲ್ಲ ಈಗಲೂ ‘ಸೆಕ್ರೆಟ್ರಿ’ ಎಂದೇ ಕರೆಯುತ್ತಾರೆ. 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ ಕೆಲಸಕ್ಕೆ ಸೇರಿ, 1993ರ ಕಾಯ್ದೆಯಲ್ಲಿ ಅವು ಗ್ರಾಮ ಪಂಚಾಯಿತಿಗಳಾದದ್ದನ್ನು ಕಂಡು, ದಕ್ಷಿಣ ಕೊಡಗಿನ ಹಲವು ಪಂಚಾಯಿತಿಗಳಲ್ಲಿ ತಿರುಗಿದವರು. ಹತ್ತಿರದ ನೆಂಟರ ತೋಟ ನೋಡಿಕೊಳ್ಳಲು ಈಗ ಈ ಕಡೆ ಇದ್ದಾರೆ. “ನಾನು ಹೇಳುವುದು ಈ ಒಂದು ಪಂಚಾಯಿತಿಯ ಮಾತಲ್ಲ ಮೇಷ್ಟ್ರೇ,” ಎಂದು ಸ್ಕೂಟರ್ ಸ್ಟಾರ್ಟ್ ಮಾಡುವ ಮೊದಲೇ ಷರತ್ತು ಹಾಕಿದರು. “ಜಿಲ್ಲೆಯಲ್ಲಿ ನೂರರಷ್ಟು ಪಂಚಾಯಿತಿ ಇವೆ. ಯಾವುದಕ್ಕೆ ಹೋದರೂ ಕಥೆ ಇದೇ.”

ನಾನು ಹೋದದ್ದು ಒಂದು ಸರಳ ಪ್ರಶ್ನೆಗೆ. ಜನ ಹೆಚ್ಚಾಗದ ಜಿಲ್ಲೆಯಲ್ಲಿ ಬೆಳವಣಿಗೆಯ ಕಷ್ಟ ಎಲ್ಲಿಂದ ಬರುತ್ತದೆ? ಸೆಕ್ರೆಟರಿಯವರು ಅದಕ್ಕೆ ನೇರ ಉತ್ತರ ಕೊಡಲಿಲ್ಲ. ಮೊದಲು ನೀರಿನ ಟ್ಯಾಂಕ್ ತೋರಿಸಿದರು.

ಟ್ಯಾಂಕ್ ಒಂದು ದಿಬ್ಬದ ಮೇಲಿತ್ತು. ಅಲ್ಲಿ ನೀರುಗಂಟಿ ಕಬ್ಬಿಣದ ಉದ್ದನೆಯ ಕೀ ಹಿಡಿದು ನಿಂತಿದ್ದರು. ನೆಲದೊಳಗಿನ ಇಟ್ಟಿಗೆ ಗುಂಡಿಯಲ್ಲಿ ವಾಲ್ವ್. ಕೀ ಇಳಿಸಿ, ಎರಡೂ ಕೈಯಲ್ಲಿ ಭಾರ ಹಾಕಿ ತಿರುಗಿಸಿದಾಗ ಪೈಪಿನೊಳಗೆ ಮೊದಲು ಗಾಳಿ ಕೆಮ್ಮಿತು, ಆಮೇಲೆ ನೀರು ಓಡುವ ಸದ್ದು ಕೇಳಿಸಿತು. ಒಂದು ಲೈನಿಗೆ ಮುಕ್ಕಾಲು ಗಂಟೆ ಬಿಟ್ಟು, ಅದನ್ನು ಕಟ್ಟಿ, ಇನ್ನೊಂದಕ್ಕೆ ತಿರುಗಿಸಬೇಕು. ನಡುವೆ ಅವರ ಫೋನು ಎಡೆಬಿಡದೆ ರಿಂಗಾಗುತ್ತಿತ್ತು. ಎಲ್ಲ ಕರೆಯೂ ಒಂದೇ: ನಮ್ಮ ಕಡೆ ಇನ್ನೂ ಬಂದಿಲ್ಲ. “ಬರ್ತದೆ ಅಕ್ಕ, ಬರ್ತದೆ,” ಎನ್ನುತ್ತಾ ಅವರು ಕೀಯನ್ನು ಹೆಗಲಿಗೇರಿಸಿ ಮುಂದಿನ ಗುಂಡಿಗೆ ನಡೆದರು.

ಈ ಒಂದು ಲೈನಿನಲ್ಲಿ ಎಷ್ಟು ಮನೆ ಎಂದು ಕೇಳಿದೆ. ಹನ್ನೊಂದು. ಪೈಪಿನ ಉದ್ದ? ಎರಡು ಕಿಲೋಮೀಟರ್ ಹತ್ತಿರ. ಮಂಡ್ಯ ಕಡೆಯ ಒಂದು ಹಳ್ಳಿಯಲ್ಲಿ ಅಷ್ಟು ಪೈಪು ಹಾಕಿದರೆ ಇಡೀ ಊರಿಗೆ ನೀರಾಗುತ್ತದೆ. ಜಲಜೀವನ್ ಮಿಷನ್ನಿನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದ್ದಾರೆ. ಸೆಕ್ರೆಟರಿಯವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆಯೇ ಲೆಕ್ಕ ಮಾಡಿದರು. ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರು. ಮಕ್ಕಳು ಬೆಂಗಳೂರು, ದುಬೈ. ಪಟ್ಟಿಯ ಪ್ರಕಾರ ಆ ಮನೆಗೆ 110 ಲೀಟರ್. ಅದೇ ಮನೆಯ ಹಿಂಭಾಗದಲ್ಲಿ ಐದು ಕೋಣೆಯ ಹೋಂಸ್ಟೇ. ಶನಿವಾರ ರಾತ್ರಿ ಇಪ್ಪತ್ತು ಜನ ಬಂದರೆ 1,210 ಲೀಟರ್ ಬೇಕು. ಬೆಂಗಳೂರಿನಿಂದ ಬಂದವರು ತಲೆಗೆ 55 ಲೀಟರಿನಲ್ಲಿ ಸ್ನಾನ ಮುಗಿಸುತ್ತಾರೆಂದು ನಂಬಿದರೆ, ಇಷ್ಟು.

“ಅವರು ಬೋರ್‌ವೆಲ್ ಕೊರೆಸಿಕೊಳ್ತಾರೆ. ಕೊರೆಸಿಕೊಳ್ಳಲಿ, ಅವರ ಜಾಗ. ಆದರೆ ಪಕ್ಕದ ತೆರೆದ ಬಾವಿ ಮಾರ್ಚಿಗೆ ತಳ ಕಾಣ್ತದೆ. ಆ ಬಾವಿ ನಂಬಿದ ತೋಟದ ಕೂಲಿಗಳು, ಲೈನ್‌ಮನೆಯವರು, ಕೊಡ ಹಿಡಿದು ಪಂಚಾಯಿತಿಗೆ ಬರ್ತಾರೆ.”

ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಮಾರ್ಚಿಗೆ ನೀರಿಲ್ಲ ಎಂದರೆ ಕೆಳಗಿನವರು ನಗುತ್ತಾರೆ. ಇಲ್ಲಿ ಮಳೆಯನ್ನು ಅಳೆಯದ ತೋಟದ ಮನೆ ಇಲ್ಲ. ಅಂಗಳದಲ್ಲಿ ಮಳೆಮಾಪಕ, ಗೋಡೆಯ ಕ್ಯಾಲೆಂಡರಿನಲ್ಲಿ ದಿನದಿನದ ಬರವಣಿಗೆ. ‘ನಿಮ್ಮಲ್ಲಿ ಎಷ್ಟು ಸೆಂಟ್?’ ಎಂಬುದೇ ಕುಶಲ ಪ್ರಶ್ನೆ. ಒಂದು ಇಂಚಿನ ನೂರನೇ ಒಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಮಳೆಗಾಲದ ಆಟಿ ತಿಂಗಳಲ್ಲಿ ಸುರಿದದ್ದೆಲ್ಲ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಫೆಬ್ರುವರಿ ಮಾರ್ಚಿನಲ್ಲಿ ರೊಬಸ್ಟಾ ಗಿಡಕ್ಕೆ ಹೂಮಳೆ ಬೇಕು. ಆಕಾಶದಿಂದ ಬರದಿದ್ದರೆ ತೋಡು, ಕೆರೆಗಳಿಗೆ ಪಂಪು ಇಟ್ಟು ಸ್ಪ್ರಿಂಕ್ಲರಿನಲ್ಲಿ ಹಾರಿಸಬೇಕು. ಊರಿನ ಕುಡಿಯುವ ನೀರು ಬತ್ತುವುದೂ ಆ ಹೊತ್ತಿಗೇ. 50 ಕಿಲೋ ರೊಬಸ್ಟಾ ಚೆರಿಯ ಚೀಲ 2024ರಲ್ಲಿ 10,000 ರೂಪಾಯಿ ದಾಟಿದ ಮೇಲೆ, ಪಂಪು ನಿಲ್ಲಿಸಿ ಎಂದು ಯಾರಿಗೆ ಹೇಳುವುದು? ಹೇಳಬೇಕಾದ ಸದಸ್ಯರಿಗೂ ತೋಟ ಇರುತ್ತದೆ.

ಸೆಕ್ರೆಟರಿಯವರಿಗೆ ಅಬ್ದುಲ್ ನಜೀರ್ ಸಾಬರ ಮೇಲೆ ಭಕ್ತಿ. ಮಂಡಲ ಪಂಚಾಯಿತಿ ತಂದ, ಊರೂರಿಗೆ ಕೊಳವೆಬಾವಿ ತೆಗೆಸಿ ‘ನೀರ್ ಸಾಬ್’ ಅನ್ನಿಸಿಕೊಂಡ ಮಂತ್ರಿ. ಆ ಕಾಲದಲ್ಲಿ ಕೈಪಂಪಿಗೆ ಜನ ಬರುತ್ತಿದ್ದರು, ಈಗ ಜನ ಇರುವಲ್ಲಿಗೆಲ್ಲ ಪೈಪು ಹೋಗಬೇಕು. ಹೋಗಲಿ, ಒಳ್ಳೆಯದೇ. ಪೈಪಿಗೆ ಹಣ ಮೇಲಿನಿಂದ ಬಂತು. ವಾಲ್ವ್ ತಿರುಗಿಸುವವನ ಸಂಬಳ, ಸುಟ್ಟ ಮೋಟರಿನ ವೈಂಡಿಂಗು, ಕರೆಂಟ್ ಬಿಲ್ಲು ಇವೆಲ್ಲ ಪಂಚಾಯಿತಿಯ ತಲೆಗೆ ಎಂದು ಅವರು ಹೇಳುವಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷ ಅದೇ ಮಾತು ಬರೆದು ಕಳಿಸಿದವರ ಆಯಾಸವಿತ್ತು.

ಇಲ್ಲಿಂದ ಲೆಕ್ಕದ ವಿಷಯಕ್ಕೆ ಬಂದರು. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಐದರಿಂದ ಏಳು ಸಾವಿರ ಜನಕ್ಕೆ ಒಂದು ಗ್ರಾಮ ಪಂಚಾಯಿತಿ. ಮಲೆನಾಡಿನ ಜಿಲ್ಲೆಗಳಿಗೆ ರಿಯಾಯಿತಿ ಕೊಟ್ಟು ಎರಡೂವರೆ ಸಾವಿರಕ್ಕೂ ಒಂದು ಮಾಡಬಹುದು ಎಂದಿದ್ದಾರೆ. ಕೊಡಗೂ ಆ ಪಟ್ಟಿಯಲ್ಲಿದೆ. ನಾನೂರು ಜನಕ್ಕೆ ಒಬ್ಬ ಸದಸ್ಯ. ಬಯಲಿನಲ್ಲಿ ನಾನೂರು ಜನ ಎರಡು ಕೇರಿಯಲ್ಲಿ ಸಿಗುತ್ತಾರೆ. ಇಲ್ಲಿ ಅಷ್ಟು ಜನರನ್ನು ಕೂಡಿಸಲು ನಾಲ್ಕಾರು ದೊಡ್ಡ ತೋಟ, ಒಂದು ಹೊಳೆ, ಎರಡು ಗದ್ದೆಬಯಲು ದಾಟಬೇಕು. ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು, ಅದಕ್ಕೇ ರಿಯಾಯಿತಿ. ಹಣ ಹಂಚುವ ಹೊತ್ತಿಗೆ ಮಾತ್ರ ತಲೆಯೇ ಮುಖ್ಯ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಜನಸಂಖ್ಯೆಗೆ ಶೇಕಡಾ 90, ವಿಸ್ತೀರ್ಣಕ್ಕೆ ಶೇಕಡಾ 10 ತೂಕ ಕೊಟ್ಟಿತು. ಅದೂ 2011ರ ಜನಸಂಖ್ಯೆ. 2021ರ ಗಣತಿ ಕೋವಿಡ್ಡಿನಿಂದ ಮುಂದಕ್ಕೆ ಹೋದದ್ದು ಹೋಗಿಯೇಬಿಟ್ಟಿತು.

“ಹಾಗಾದರೆ ನಿಮ್ಮ ಬೆಳವಣಿಗೆ ಎಲ್ಲಿ?” ಎಂದು ಮತ್ತೆ ಕೇಳಿದೆ.

“ಬನ್ನಿ,” ಎಂದರು.

ತೋಟವೊಂದರ ಕಣಕ್ಕೆ ಹೋದೆವು. ಸಿಮೆಂಟಿನ ವಿಶಾಲ ಅಂಗಳದಲ್ಲಿ ಹಣ್ಣು ಹರಡಿತ್ತು. ಇತ್ತೀಚೆಗೆ ಕೊಯ್ದದ್ದು ಕೆಂಪು, ಅದಕ್ಕೆ ಮೊದಲಿನದು ಕಂದು, ಆಚೆ ತುದಿಯದು ಕರೀ ಬಣ್ಣಕ್ಕೆ ತಿರುಗಿ ಕೈಯಲ್ಲಿ ಆಡಿಸಿದರೆ ಗಲಗಲ ಎನ್ನುತ್ತಿತ್ತು. ಗಾಳಿಯಲ್ಲಿ ಹುಳಿಹುಳಿ ಸಿಹಿ ವಾಸನೆ. ಸಂಜೆಯ ತೂಕದ ಹೊತ್ತು. ಕೊಯ್ಲಿನವರು ತಲೆ ಮೇಲೆ ಚೀಲ ಹೊತ್ತು ಸಾಲಾಗಿ ಬಂದು ತಕ್ಕಡಿಗೆ ಇಳಿಸುತ್ತಿದ್ದರು. ರೈಟರ್ ನೋಟ್‌ಬುಕ್ಕಿನಲ್ಲಿ ಹೆಸರಿನ ಮುಂದೆ ಕಿಲೋ ಬರೆದುಕೊಳ್ಳುತ್ತಿದ್ದರು. ಹೆಸರುಗಳನ್ನು ಕಿವಿಗೊಟ್ಟು ಕೇಳಿದರೆ ಅರ್ಧದಷ್ಟು ಅಸ್ಸಾಮಿನವು. ಉಳಿದವರಲ್ಲಿ ಎರವರು, ಕುರುಬರು, ಹುಣಸೂರು ಕಡೆಯಿಂದ ಮೇಸ್ತ್ರಿಯ ಜೀಪಿನಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರು. ರೈಟರ್ ಹಿಂದಿಯಲ್ಲಿ ಕೂಗುತ್ತಿದ್ದರು, ಮೇಸ್ತ್ರಿ ಮಲಯಾಳ ಬೆರೆಸಿದ ಕನ್ನಡದಲ್ಲಿ, ಮಾಲೀಕರು ಫೋನಿನಲ್ಲಿ ಕೊಡವ ತಕ್ಕಿನಲ್ಲಿ.

ಇವರಲ್ಲಿ ಯಾರು ಪಂಚಾಯಿತಿಯ ಪುಸ್ತಕದಲ್ಲಿದ್ದಾರೆ? ಅಸ್ಸಾಮಿನವರ ರೇಷನ್ ಕಾರ್ಡ್ ಅಸ್ಸಾಮಿನಲ್ಲಿ, ವೋಟೂ ಅಲ್ಲೇ. ಮಕ್ಕಳು ಇಲ್ಲಿನ ಅಂಗನವಾಡಿಗೆ ಬರುತ್ತವೆ, ಮೊಟ್ಟೆ ಎಣಿಸಿ ಬಂದಿರುತ್ತದೆ. ಜ್ವರ ಬಂದರೆ ಆಶಾ ಕಾರ್ಯಕರ್ತೆ ನೋಡಲೇಬೇಕು. ಲೈನ್‌ಮನೆಯ ಕಕ್ಕಸು ತುಂಬಿ ತೋಡಿಗೆ ಹರಿದರೆ ದೂರು ಬರುವುದೂ ಪಂಚಾಯಿತಿಗೇ. ನಾಲ್ಕು ತಿಂಗಳು ಕಳೆದು ಅವರು ಹೊರಟಾಗ ಕಾಗದದ ಮೇಲೆ ಏನೂ ಬದಲಾಗಿರುವುದಿಲ್ಲ.

ತಲೆತಲಾಂತರದಿಂದ ಇಲ್ಲೇ ಇರುವವರ ಪಾಡು ಇನ್ನೊಂದು ಬಗೆಯದು. ಲೈನ್‌ಮನೆ ತೋಟದ ಮಾಲೀಕರ ಜಾಗದಲ್ಲಿರುತ್ತದೆ. ವಿಳಾಸ ದೃಢೀಕರಣ ಬೇಕೆಂದು ಎರವರ ಹುಡುಗಿಯೊಬ್ಬಳು ಬಂದರೆ, ಮನೆ ನಂಬರ್ ಯಾವುದೆಂದು ಸೆಕ್ರೆಟರಿ ಕೇಳಬೇಕು. ಅವಳಿಗೆ ಹೇಳಲು ನಂಬರ್ ಇರುವುದಿಲ್ಲ. ಅವಳಜ್ಜ ಹುಟ್ಟಿದ್ದು ಆ ಸೂರಿನಡಿ ಇರಬಹುದು, ಆದರೆ ತೋಟ ಬಿಟ್ಟ ದಿನ ಸೂರೂ ಬಿಡಬೇಕು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದದ್ದು ಇದರ ಸ್ಫೋಟ. ಲೈನ್‌ಮನೆಗಳಿಂದ ಹೊರಬಂದು ಮಾಲ್ದಾರೆ ಹತ್ತಿರದ ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳನ್ನು ಅರಣ್ಯ ಇಲಾಖೆ ಎಬ್ಬಿಸಿತು. ರಾಜ್ಯವೇ ತಿರುಗಿ ನೋಡುವಂಥ ಹೋರಾಟ ನಡೆಯಿತು. ಕೊನೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ಕೊಟ್ಟರು. “ಕೊಟ್ಟರು, ಸರಿ. ದಕ್ಷಿಣದ ತೋಟದಲ್ಲಿ ದುಡಿದವರಿಗೆ ಉತ್ತರದಲ್ಲಿ ಮನೆ,” ಎಂದು ಸೆಕ್ರೆಟರಿಯವರು ಅಲ್ಲಿಗೆ ನಿಲ್ಲಿಸಿದರು. ಮೂರು ದಶಕದ ಅನುಭವದಲ್ಲಿ, ನಿವೇಶನ ಕೊಡಲು ಸರ್ಕಾರಿ ಜಾಗ ತೋರಿಸಿ ಎಂದು ಮೇಲಿನಿಂದ ಬಂದ ಪತ್ರಗಳಿಗೆ ಅವರು ಬರೆದ ಉತ್ತರಗಳೆಲ್ಲ ಒಂದೇ ಆಗಿದ್ದವಂತೆ: ಪೈಸಾರಿ ಜಾಗ ಇದೆ, ಒತ್ತುವರಿಯಾಗಿದೆ.

ಉದ್ಯೋಗ ಖಾತರಿಯ ಮಾತು ತೆಗೆದೆ. ಅವರು ನಕ್ಕರು. 2025-26ರಲ್ಲಿ ಅದರ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕೊಯ್ಲಿನ ಕಾಲದಲ್ಲಿ ಕಿಲೋ ಲೆಕ್ಕದಲ್ಲಿ ಕೊಯ್ಯುವ ಕೈಚುರುಕಿನ ಗಂಡ ಹೆಂಡತಿಗೆ ಆ ದುಡ್ಡು ಮಧ್ಯಾಹ್ನದ ಊಟದೊಳಗೆ ಹುಟ್ಟುತ್ತದೆ. ಕೂಲಿಗೆ 60, ಸಾಮಗ್ರಿಗೆ 40 ಎಂಬ ಅನುಪಾತ ಪಾಲಿಸಬೇಕಿದ್ದುದರಿಂದ, ಕೂಲಿಗೆ ಜನ ಬರದಿದ್ದರೆ ರಸ್ತೆಯ ಕಾಂಕ್ರೀಟೂ ಇರುತ್ತಿರಲಿಲ್ಲ. ಬಡತನ ಇದ್ದಲ್ಲಿಗೆ ಹೊಲಿದ ಅಂಗಿಯನ್ನು ಈ ಜಿಲ್ಲೆಗೂ ತೊಡಿಸಿದರು. ಕೈ ಉದ್ದ, ತೋಳು ಗಿಡ್ಡ.

ರಾತ್ರಿ ಅವರ ಮನೆಯಲ್ಲೇ ಉಳಿದೆ. ನೂಲ್‌ಪುಟ್ಟು, ಕೋಳಿ ಸಾರು, ಆಮೇಲೆ ಬೆಲ್ಲದ ಕಾಫಿ. ಊಟದ ನಡುವೆ ಅವರ ಮನೆಯವರು ಒಮ್ಮೆ ಎದ್ದು ಹೋಗಿ ಹಿಂಬದಿಯ ದೀಪ ಹಾಕಿ ಬಂದರು. ಮೊಬೈಲಿನ ಗುಂಪಿನಲ್ಲಿ ಒಂಟಿ ಸಲಗ ಪಕ್ಕದ ತೋಟದಲ್ಲಿದೆ ಎಂದು ಸಂದೇಶ ಬಂದಿತ್ತಂತೆ. ಅವರ ಮುಖದಲ್ಲಿ ಗಾಬರಿ ಇರಲಿಲ್ಲ, ನನ್ನ ಮುಖದಲ್ಲಿ ಇದ್ದಿರಬೇಕು. ಹಲಸು ಹಣ್ಣಾಗುವ ಮೊದಲೇ ಎಳೆಗಾಯಿ ಕಡಿದು ಹಾಕುವುದು ಇಲ್ಲಿ ಈಗ ಮಾಮೂಲು, ಆನೆ ಬಾರದಿರಲಿ ಎಂದು. ಕಾಡಿನಿಂದ ಬಂದು ಹೋಗುತ್ತಿದ್ದ ಆನೆಗಳಲ್ಲಿ ಕೆಲವು ತೋಟದಲ್ಲೇ ಹುಟ್ಟಿ ಬೆಳೆದಿವೆ. ಅವಕ್ಕೆ ಕೆರೆ ಗೊತ್ತು, ನೆರಳು ಗೊತ್ತು, ಕಣದ ದಾರಿಯೂ ಗೊತ್ತು. ರೈಲ್ವೆ ಕಂಬಿಯ ತಡೆಗೋಡೆ, ಕಂದಕ, ಸೋಲಾರ್ ಬೇಲಿ, ಕಾರ್ಯಪಡೆ ಎಲ್ಲ ಅರಣ್ಯ ಇಲಾಖೆಯ ಬಾಬತ್ತು. ಪಂಚಾಯಿತಿಗೆ ಬರುವ ಅರ್ಜಿ ಬೇರೆ: ನಮ್ಮ ದಾರಿಗೆ ಬೀದಿದೀಪ ಹಾಕಿ. ಮಕ್ಕಳು ಕತ್ತಲೆಗೆ ಶಾಲೆಯಿಂದ ಬರುತ್ತಾರೆ, ಕೂಲಿಯವರು ನಸುಕಿನಲ್ಲಿ ಹೋಗುತ್ತಾರೆ, ಅರ್ಜಿ ನ್ಯಾಯವೇ. ಹಾಗೆ ಹಾಕುತ್ತಾ ಹೋದರೆ ಎರಡು ಮನೆಗೆ ಹತ್ತು ಕಂಬ.

ಮರುದಿನ ಬೆಳಿಗ್ಗೆ ಭಾನುವಾರದ ಕಸ ನೋಡಲು ಹೊರಟೆವು. ಪ್ರವಾಸ ಕಥನದಲ್ಲಿ ಕಸ ನೋಡಲು ಹೋದದ್ದನ್ನು ಬರೆಯುವವರು ಕಡಿಮೆ. ಆದರೆ ಊರಿನ ಬಗ್ಗೆ ಕಸದಷ್ಟು ನಿಜ ಹೇಳುವ ದಾಖಲೆ ನನಗಂತೂ ಬೇರೆ ಸಿಕ್ಕಿಲ್ಲ. ರಸ್ತೆ ತಿರುವಿನ ಕೆಳಗೆ, ಯಾರದೋ ಪಾಳು ಗದ್ದೆಯ ಅಂಚಿನಲ್ಲಿ ಬಿಯರ್ ಬಾಟಲಿ, ಬಿರಿಯಾನಿಯ ಡಬ್ಬಿ, ಮಕ್ಕಳ ಡೈಪರು, ಬಾಡಿಗೆಗೆ ತಂದ ಕ್ಯಾಂಪ್‌ಫೈರಿನ ಅರ್ಧ ಸುಟ್ಟ ಸೌದೆ. ತೋಟದವರ ಮನೆಯಲ್ಲಿ ಹಸಿ ಕಸ ಎಂಬುದೇ ಇಲ್ಲ, ಎಲ್ಲ ಗೊಬ್ಬರದ ಗುಂಡಿಗೆ ಹೋಗುತ್ತದೆ. ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿಗೆ ಬರುವುದು ಒಣಕಸ. ಅದರ ಬಹುಪಾಲು ಈ ಊರಿನದಲ್ಲ. ಮಾಕುಟ್ಟದ ಕೇರಳ ಗಡಿ ದಾಟಿ ರಾತ್ರಿ ಲಾರಿಯಲ್ಲಿ ಬಂದು ಕಸ ಸುರಿದು ಹೋದ ಸುದ್ದಿಯೂ ವರ್ಷಕ್ಕೆ ಹಲವು ಸಲ ಪತ್ರಿಕೆಗಳಲ್ಲಿ ಬರುತ್ತದೆ. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆದ ಮೇಲೆ ಆ ರಸ್ತೆಯ ಓಡಾಟ ಇನ್ನಷ್ಟು ಹೆಚ್ಚಿದೆ.

ಹೋಂಸ್ಟೇಗಳ ಬಗ್ಗೆ ಸೆಕ್ರೆಟರಿಯವರಿಗೆ ದ್ವೇಷವಿಲ್ಲ, ನನಗೂ ಇಲ್ಲ. ಕಾಫಿ ಬೆಲೆ ನೆಲಕಚ್ಚಿದ ವರ್ಷಗಳಲ್ಲಿ ಎಷ್ಟೋ ಹಳೆಯ ಮನೆಗಳ ಹೆಂಚು ಉಳಿದದ್ದು ಅತಿಥಿಗಳ ದುಡ್ಡಿನಿಂದ. ಗಂಡನ ನಂತರ ಒಬ್ಬರೇ ಉಳಿದ ಹೆಂಗಸರು ಅಡುಗೆಯ ಬಲದಲ್ಲಿ ತೋಟ ಉಳಿಸಿಕೊಂಡಿದ್ದಾರೆ. ಸೆಕ್ರೆಟರಿಯವರ ತಕರಾರು ಒಂದೇ. ಹೋಂಸ್ಟೇ ಕಾಗದದಲ್ಲಿ ಮನೆ. ಕಂದಾಯ ಮನೆಯದು. ನೀರಿನ ದರ ಮನೆಯದು. ಕಸ ಮಾತ್ರ ಹೋಟೆಲಿನದು. ನೋಂದಣಿಯೇ ಇಲ್ಲದವೂ ಸಾಕಷ್ಟಿವೆ. ಕರ ವಸೂಲಿಗಾರ ಹೋದರೆ ‘ನಮ್ಮ ನೆಂಟರು’ ಎನ್ನುತ್ತಾರೆ. ಪ್ರತಿ ಶನಿವಾರ ಬೇರೆ ಬೇರೆ ನೆಂಟರು.

ದಾರಿಯಲ್ಲಿ ಒಂದು ಕಡೆ ಸ್ಕೂಟರ್ ನಿಲ್ಲಿಸಿದರು. ಗುಡ್ಡದ ಹೊಟ್ಟೆಯನ್ನು ಜೆಸಿಬಿ ನೆಟ್ಟಗೆ ಕಡಿದಿತ್ತು. ಕೆಂಪು ಮಣ್ಣಿನ ಗೋಡೆ ಎರಡಾಳು ಎತ್ತರ. ಅದರ ಮುಂದೆ ಹೊಸ ಕಟ್ಟಡದ ಪಿಲ್ಲರುಗಳು. ಗೋಡೆಯ ನೆತ್ತಿಯಲ್ಲಿ ಒಂದು ಸಿಲ್ವರ್ ಓಕ್ ಮರದ ಅರ್ಧ ಬೇರು ಗಾಳಿಯಲ್ಲಿ ತೂಗಾಡುತ್ತಿತ್ತು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಜಾರಿದಾಗ ದಕ್ಷಿಣದವರು ನಮಗೇನೂ ಆಗಲಿಲ್ಲ ಎಂದುಕೊಂಡಿದ್ದರು. ಮರುವರ್ಷದ ಆಗಸ್ಟಿನಲ್ಲಿ ವಿರಾಜಪೇಟೆ ತಾಲೂಕಿನ ತೋರದಲ್ಲಿ ಗುಡ್ಡ ಬಂದು ಮನೆಗಳನ್ನು ಜನರ ಸಮೇತ ಮುಚ್ಚಿತು. ವಿರಾಜಪೇಟೆ ಪಟ್ಟಣದ ಪಕ್ಕದ ಮಲೆತಿರಿಕೆ ಬೆಟ್ಟ, ಅಯ್ಯಪ್ಪ ಬೆಟ್ಟಗಳಲ್ಲಿ ಬಿರುಕು ಕಂಡು ನಿವಾಸಿಗಳನ್ನು ಇಳಿಸಿದರು. ಮಳೆ ವಿಪರೀತ ಸುರಿದದ್ದು ಹೌದು. ಇಳಿಜಾರನ್ನು ಮನಸ್ಸಿಗೆ ಬಂದಂತೆ ಕಡಿದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು.

“ಮನೆ ಕಟ್ಟಲು ಪರವಾನಗಿ ಕೊಡುವುದು ಪಂಚಾಯಿತಿ. ಇಳಿಜಾರು ಎಷ್ಟು ಡಿಗ್ರಿ ಎಂದು ಅಳೆಯುವ ಸಾಮಾನು ನನ್ನ ಮೇಜಿನ ಮೇಲೆ ಇರಲಿಲ್ಲ. ಸೀಲು ಇತ್ತು.” ಆ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ.

ಜಾಗದ ಕಾಗದಪತ್ರಗಳ ಕಥೆ ಇನ್ನೂ ಜಟಿಲ. ಜಮ್ಮಾ ಹಿಡುವಳಿ ರಾಜರ ಕಾಲದ್ದು. ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಗದ್ದೆ, ಗದ್ದೆಯ ಜೊತೆಗೆ ಸೊಪ್ಪು, ಸೌದೆ, ದನ ಮೇಯಲು ಎಂದು ಕಂದಾಯವಿಲ್ಲದ ಬಾಣೆ. ಕಾಲಕ್ರಮದಲ್ಲಿ ಬಾಣೆಯಲ್ಲಿ ಕಾಫಿ ಬಂತು, ಗದ್ದೆ ಹಿಂದಾಯಿತು. ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು, ಕೆಳಗೆ ಇಪ್ಪತ್ತು ಮೂವತ್ತು ಪಾಲುದಾರರು, ಅರ್ಧ ಜನ ಮೈಸೂರು ಬೆಂಗಳೂರಿನಲ್ಲಿ. 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು ಬಾಣೆಯ ಮೇಲಿನ ಹಕ್ಕನ್ನು ಒಪ್ಪಿದರಾದರೂ ಪಾಲು ಬಿಡಿಸಿ ಒಬ್ಬೊಬ್ಬರ ಹೆಸರಿಗೆ ಕಾಗದವಾಗುವುದು ಸುಲಭದ ಕೆಲಸವಲ್ಲ. ಇ-ಸ್ವತ್ತಿನಲ್ಲಿ ನಮೂನೆ 9 ಬೇಕೆಂದು ಬಂದವನಿಗೆ, 11ಇ ನಕ್ಷೆ ತನ್ನಿ, ಭೂಪರಿವರ್ತನೆ ಆದೇಶ ತನ್ನಿ ಎಂದು ಕಂಪ್ಯೂಟರ್ ಕೇಳುತ್ತದೆ. ಅವನು ಮೂರು ತಲೆಮಾರಿನಿಂದ ಆ ಮನೆಯಲ್ಲಿದ್ದಾನೆ. ಹೊರಗಿನಿಂದ ಬಂದು ನಿವೇಶನ ಕೊಂಡವರ ಕಾಗದ ಮಾತ್ರ ವಕೀಲರ ಕೈಚಳಕದಲ್ಲಿ ಚೊಕ್ಕವಾಗಿರುತ್ತದೆ. ಇದರ ಮೇಲೆ ಸರ್ವರ್ ಡೌನ್. ಬೈಗುಳ ತಿನ್ನುವುದು ಕೌಂಟರಿನಲ್ಲಿ ಕುಳಿತ ಡಾಟಾ ಎಂಟ್ರಿ ಹುಡುಗಿ.

ಇದನ್ನೆಲ್ಲ ಮೇಲೆ ಮುಟ್ಟಿಸಲು ಜಿಲ್ಲಾ, ತಾಲೂಕು ಪಂಚಾಯಿತಿಗಳಿವೆ. ಅವಕ್ಕೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಜಿಲ್ಲೆಯಲ್ಲಿ ಮೂರಿದ್ದ ತಾಲೂಕುಗಳು ಪೊನ್ನಂಪೇಟೆ, ಕುಶಾಲನಗರ ಸೇರಿ ಐದಾದವು. ಕಚೇರಿಗಳು ಹೆಚ್ಚಾದವು, ಹೋಗಿ ಜಗಳವಾಡಬಹುದಾದ ಚುನಾಯಿತ ಮುಖಗಳು ಕಡಿಮೆಯಾದವು. ಗ್ರಾಮಸಭೆಗೆ ಬರುವವರೂ ಹಾಗೆಯೇ. ದೊಡ್ಡ ತೋಟದವರಿಗೆ ಪಂಚಾಯಿತಿಯ ಅಗತ್ಯ ಇಲ್ಲ. ಲೈನ್‌ಮನೆಯವರಿಗೆ ಆ ದಿನದ ಕೂಲಿ ಬಿಟ್ಟು ಬರಲಾಗದು.

ಆದರೂ ಕೊಡಗಿನವರು ಊರಿಗೆ ಬರುವುದೇ ಇಲ್ಲ ಎನ್ನುವಂತಿಲ್ಲ. ಪುತ್ತರಿ ಹಬ್ಬಕ್ಕೆ ಬರುತ್ತಾರೆ, ಕೈಲ್‌ಪೊಳ್ದಿಗೆ ಬರುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಅರವತ್ತು ಒಕ್ಕಗಳನ್ನು ಸೇರಿಸಿ ಶುರುಮಾಡಿದ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಬಂದವು. ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ ಈ ನಾಡಿನ ಜನಸಂಖ್ಯೆ ಹೆಚ್ಚುತ್ತಿಲ್ಲ ಎಂದು ಯಾರೂ ನಂಬರು. ಸೆಕ್ರೆಟರಿಯವರಿಗೆ ಹಾಕಿಯೆಂದರೆ ಪ್ರಾಣ. ಅದರ ಮಾತು ಬಂದಾಗ ಮಾತ್ರ ನೀರು, ಕಸ, ಕಂದಾಯ ಎಲ್ಲ ಮರೆತು ಅರ್ಧ ಗಂಟೆ ಮಾತಾಡಿದರು. ಅದನ್ನೆಲ್ಲ ಬರೆದರೆ ಬೇರೆ ಲೇಖನವಾಗುತ್ತದೆ.

ಮಧ್ಯಾಹ್ನದ ಬಸ್ಸಿಗೆ ಕಾಯುತ್ತಾ ತಂಗುದಾಣದಲ್ಲಿ ಕುಳಿತಾಗ, ಮುಂದಿನ ಜನಗಣತಿಯ ಮಾತು ಬಂತು. 2027ರ ಮಾರ್ಚ್ 1 ಅದರ ಲೆಕ್ಕಕ್ಕೆ ಹಿಡಿಯುವ ದಿನ. ಮೊದಲು ಮನೆಪಟ್ಟಿ, ಆಮೇಲೆ ತಲೆ ಎಣಿಕೆ. ಸೆಕ್ರೆಟರಿಯವರ ಜೇಬಿನಲ್ಲಿ ಮಡಚಿದ ಒಂದು ಹಾಳೆ ಇತ್ತು. ತಮಗೆ ಗೊತ್ತಿರುವ ತೋಟಗಳ ಲೈನ್‌ಮನೆಗಳನ್ನು ಬಾಗಿಲು ಬಾಗಿಲಾಗಿ ಬರೆದಿದ್ದರು. ಎಲ್ಲಿ ಎಷ್ಟು ಕೋಣೆ, ದಾರಿ ಯಾವ ಗೇಟಿನಿಂದ, ನಾಯಿ ಇದೆಯೇ ಎಂಬುದು ಕೂಡ. ಎಣಿಸಲು ಬರುವ ಶಾಲೆ ಮೇಷ್ಟ್ರ ಕೈಗೆ ಕೊಡುತ್ತಾರಂತೆ. ಯಾರೂ ಕೇಳಿರಲಿಲ್ಲ, ಸಂಬಳವೂ ಇಲ್ಲ.

“ಅಸ್ಸಾಮಿನವರು?” ಎಂದೆ.

“ಎಣಿಸುವ ದಿನಗಳಲ್ಲಿ ಇಲ್ಲೇ ಇದ್ದರೆ ಇಲ್ಲಿಯ ಲೆಕ್ಕಕ್ಕೆ. ಫೆಬ್ರುವರಿ ಎರಡನೇ ವಾರಕ್ಕೆ ಕೊಯ್ಲು ಮುಗಿದರೆ ರೈಲು ಹತ್ತಿರುತ್ತಾರೆ.” ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿತು. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದರು. “ಆ ಒಂದು ವರ್ಷ ಹಣ್ಣು ಹದಿನೈದು ದಿನ ತಡವಾಗಿ ಆದರೆ ಸಾಕು ಮೇಷ್ಟ್ರೇ. ತೋಟದವರು ನನ್ನನ್ನು ಬೈತಾರೆ, ಬೈಯಲಿ.”